ಮತ್ತು ಸಂಗಡಿಗರು

ಹೋದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯ ಒಕ್ಕಣೆ, ಎಂದಿನಂತೆ, ಕನ್ನಡ ಉಪಾಧ್ಯಾಯನಾದ ನನ್ನ ಪಾಲಿಗೇ ಬಂದಿತು. ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಅವರವರ ಬಿರುದುಬಾವಲಿಗಳು, ಇವುಗಳಿಗೇ ಮೂರು ಪಾಲು ಕಾಗದ ಮುಗಿದುಹೋಯಿತು. ಉಳಿದ ಮೂಲೆಯಲ್ಲಿ ಡೊಳ್ಳು ಕುಣಿತದ ತಂಡವನ್ನು ಸೇರಿಸಬೇಕಾಗಿತ್ತು. ಮುಖಂಡನ ಹೆಸರನ್ನು ಬರೆದು, ಅದರ ಮುಂದೆ ‘ಮತ್ತು ಸಂಗಡಿಗರು’ ಎಂದು ಸೇರಿಸಿ ಮುದ್ರಣಾಲಯಕ್ಕೆ ಕಳುಹಿಸಿಬಿಟ್ಟೆ. ಎಲ್ಲರೂ ಬರೆಯುವ ಮಾತು. ತಪ್ಪೆಂದು ನನಗೆ ತೋರಲಿಲ್ಲ.

ಕುಣಿತ ಮುಗಿದ ಮೇಲೆ, ಬೆವರು ಒರೆಸಿಕೊಳ್ಳುತ್ತಾ ಕುಳಿತಿದ್ದ ಹಿರಿಯನೊಬ್ಬ ಆ ಪತ್ರಿಕೆಯನ್ನು ಹಿಡಿದು ನನ್ನ ಬಳಿಗೆ ಬಂದ.

“ಮೇಷ್ಟ್ರೇ, ಇದರಾಗೆ ಸಂಗಡಿಗರು ಅಂತ ಹಾಕೀರಲ್ಲ, ಅದು ನಾವೇನ್ರೀ?”

“ಹೌದು ಯಜಮಾನ್ರೇ.”

“ಹಂಗಾರೆ ಅದರಾಗೆ ನಾನು ಎಷ್ಟನೆಯವನು?”

ಕೋಪದಿಂದ ಕೇಳಿದ ಮಾತಲ್ಲ, ನಗುತ್ತಲೇ ಕೇಳಿದ. ಮೂವತ್ತು ವರ್ಷಗಳ ಕಾಲ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿ ಅಭ್ಯಾಸವಾದ ನನಗೆ ಅಂದು ಉತ್ತರ ತೋಚಲಿಲ್ಲ.

ಅದೇ ವಾರ ಇನ್ನೊಂದು ಪ್ರಸಂಗ ನಡೆಯಿತು. ಎಂ.ಸಿ.ಸಿ. ಬಡಾವಣೆಯಲ್ಲಿ ನಮ್ಮ ಮನೆಗೆ ನಾಲ್ಕು ಮನೆಯಾಚೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಕಾಲೇಜಿನ ಹುಡುಗ. ಸಂಜೆಯಾದರೆ ಡ್ರಮ್ ಬಾರಿಸುತ್ತಾನೆ. ಅವನ ಗೆಳೆಯ ಬೇಸ್ ಗಿಟಾರ್ ನುಡಿಸುತ್ತಾನೆ. ಬೀದಿಯವರ ದೂರನ್ನು ತಲುಪಿಸಲು ನಾನು ಅವನ ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ಅವನಿಗೆ ಅಚ್ಚುಮೆಚ್ಚಿನ ವಾದಕರ ಹೆಸರುಗಳ ಪಟ್ಟಿ ಅಂಟಿಸಿತ್ತು. ನನ್ನ ದೂರನ್ನು ಸಮಾಧಾನದಿಂದ ಕೇಳಿ, “ಸರ್, ನೀವು ದಿನಾ ರೇಡಿಯೋದಲ್ಲಿ ಸಂಗೀತ ಕೇಳ್ತೀರಲ್ಲ, ನಿಮಗೆ ಇಷ್ಟವಾದ ಡ್ರಮ್ ವಾದಕರು ಯಾರು?” ಎಂದು ಕೇಳಿದ. ಗಾಯಕರ ಹೆಸರು ಕೇಳಿದ್ದರೆ ಇಪ್ಪತ್ತು ಹೇಳುತ್ತಿದ್ದೆ. ಅವರ ಪಕ್ಕದಲ್ಲಿ ಕುಳಿತು ಬಾರಿಸಿದವರ ಹೆಸರು ಎರಡು ಕೂಡ ನಾಲಿಗೆಗೆ ಬರಲಿಲ್ಲ. ಕಛೇರಿಯ ಕೊನೆಯಲ್ಲಿ ಉದ್ಘೋಷಕರು ಪಕ್ಕವಾದ್ಯದವರ ಹೆಸರನ್ನು ಹೇಳತೊಡಗುವ ಹೊತ್ತಿಗೆ ನನ್ನ ಕೈ ರೇಡಿಯೋದ ಗುಂಡಿಯ ಮೇಲಿರುತ್ತಿತ್ತು.

ಈ ಎರಡು ಪ್ರಶ್ನೆಗಳು ಸೇರಿ ನನ್ನನ್ನು ಪುಸ್ತಕಗಳ ಕಡೆಗೆ ತಿರುಗಿಸಿದವು. ಅಲ್ಲಿ ಕಂಡುದನ್ನು ವಾಚಕರ ಮುಂದೆ ಇಡುತ್ತೇನೆ.

ನಮ್ಮ ಪೂರ್ವಿಕರು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕಾಗಿ ವಿಂಗಡಿಸಿದರು. ತಂತಿಯದು ತತ, ಊದುವುದು ಸುಷಿರ, ತಾಳದಂಥ ಲೋಹದ್ದು ಘನ, ಚರ್ಮ ಬಿಗಿದದ್ದು ಅವನದ್ಧ. ಅವನದ್ಧದ ಹುಟ್ಟನ್ನು ಕುರಿತು ಭರತನ ನಾಟ್ಯಶಾಸ್ತ್ರದಲ್ಲಿ ಒಂದು ಕಥೆಯುಂಟು. ಅದೊಂದು ಅನಧ್ಯಾಯದ ದಿನ, ಎಂದರೆ ಪಾಠಕ್ಕೆ ರಜೆ. ಮೋಡ ಕವಿದಿತ್ತು. ಸ್ವಾತಿ ಎಂಬ ಮುನಿ ನೀರು ತರಲು ಕೊಳಕ್ಕೆ ಹೋದ. ಅಷ್ಟರಲ್ಲಿ ಮಳೆ ಹನಿಯಿತು. ತಾವರೆಯ ದೊಡ್ಡ ಎಲೆಯ ಮೇಲೆ ಬಿದ್ದ ಹನಿ ಒಂದು ಬಗೆಯಾಗಿಯೂ, ನಡುವಣ ಎಲೆಯ ಮೇಲೆ ಬಿದ್ದುದು ಇನ್ನೊಂದು ಬಗೆಯಾಗಿಯೂ, ಸಣ್ಣ ಎಲೆಯ ಮೇಲೆ ಬಿದ್ದುದು ಮತ್ತೊಂದು ಬಗೆಯಾಗಿಯೂ ನುಡಿದವು. ಮುನಿ ಆ ನಾದಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆಶ್ರಮಕ್ಕೆ ಮರಳಿ, ವಿಶ್ವಕರ್ಮನ ನೆರವಿನಿಂದ ಮೃದಂಗವೇ ಮೊದಲಾದ ವಾದ್ಯಗಳನ್ನು ಮಾಡಿದನಂತೆ. ಈ ವಾದ್ಯಗಳಿಗೆ ಪುಷ್ಕರವೆಂಬ ಹೆಸರು ಬಂದುದರ ಸ್ವಾರಸ್ಯ ಇಲ್ಲಿದೆ, ಪುಷ್ಕರವೆಂದರೆ ತಾವರೆ. ಹಿರಿದು, ನಡು, ಕಿರಿದು ಎಂಬ ಮೂರು ನಾದಗಳ ತಾರತಮ್ಯವೇ ಚರ್ಮವಾದ್ಯದ ಬೀಜವೆಂಬುದನ್ನು ಗಮನಿಸಬೇಕು. ಹುಡುಗನ ಗೆಳೆಯ ‘ಬೇಸ್’ ಎನ್ನುವುದು ಆ ದೊಡ್ಡ ಎಲೆಯ ನಾದವನ್ನೇ. ನಮ್ಮ ಮಾತಿನಲ್ಲಿ ಅದು ಮಂದ್ರ.

ಕನ್ನಡ ನಾಡಿನ ಮಟ್ಟಿಗೆ ಹೇಳುವುದಾದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗೀತಕ್ಕೂ ನೃತ್ಯಕ್ಕೂ ನಡುವೆ ವಾದ್ಯವಿನೋದವೆಂಬ ಭಾಗವೇ ಇದೆ. ವಾದ್ಯಗಳ ಲಕ್ಷಣವನ್ನು ಅರಸ ಶ್ರದ್ಧೆಯಿಂದ ಬರೆದಿದ್ದಾನೆ. ಹೊಯ್ಸಳರ ದೇವಾಲಯಗಳ ಭಿತ್ತಿಗಳಲ್ಲಿ ನರ್ತಕಿಯ ಮಗ್ಗುಲಿಗೆ ಮದ್ದಳೆಗಾರ ನಿಂತಿರುವುದನ್ನು ಯಾರೂ ನೋಡಬಹುದು. ಆ ಕಾಲದ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೆತ್ತಿಟ್ಟರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರನ್ನು ಇಂದಿಗೂ ಓದುತ್ತೇವೆ. ನಮ್ಮ ನೆರೆಯ ಹರಿಹರದಲ್ಲಿ ೧೨೨೪ರ ಸುಮಾರಿಗೆ ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿದ ದಂಡನಾಯಕ ಪೋಲಾಳ್ವನ ಹೆಸರನ್ನೂ ಶಾಸನ ಉಳಿಸಿಕೊಟ್ಟಿದೆ. ಆದರೆ ಕಲ್ಲಿನಲ್ಲಿ ನಿಂತ ಆ ಮದ್ದಳೆಗಾರನಿಗೆ ಮಾದರಿಯಾಗಿ ನಿಂತವನು ಯಾರು? ಕೆತ್ತಿದವನ ಹೆಸರು ಉಳಿಯಿತು, ಕಟ್ಟಿಸಿದವನ ಹೆಸರು ಉಳಿಯಿತು. ಬಾರಿಸಿದವನು ಆಗಲೇ ‘ಮತ್ತು ಸಂಗಡಿಗರು’ ಆಗಿಹೋಗಿದ್ದ.

ಇನ್ನು ಈ ವಾದ್ಯದ ಒಳಗುಟ್ಟನ್ನು ತುಸು ನೋಡೋಣ. ಮೃದಂಗದ ಬಲಮುಖದ ನಡುವೆ ಕರಿಯ ಬೊಟ್ಟಿನಂತೆ ಕಾಣುವುದು ಕರಣೆ. ಎಡಮುಖಕ್ಕೆ, ಕಛೇರಿಗೆ ಸ್ವಲ್ಪ ಮುಂಚೆ, ನೀರಿನಲ್ಲಿ ಕಲಸಿದ ರವೆಯ ಮುದ್ದೆಯನ್ನು ಅಂಟಿಸುತ್ತಾರೆ. ಕಛೇರಿ ಮುಗಿದ ಮೇಲೆ ಅದನ್ನು ಕೆರೆದು ತೆಗೆಯುತ್ತಾರೆ. ಹಿಡಿಯಷ್ಟು ರವೆಯ ಭಾರದಿಂದ ಎಡಮುಖದ ನಾದ ಕೆಳಕ್ಕೆ ಇಳಿದು ಗುಂಭವಾಗುತ್ತದೆ. ತಬಲದ ಜೋಡಿಯಲ್ಲಿ ಈ ಕೆಲಸ ಎಡಗೈಯ ದಗ್ಗಾದ್ದು. ತಂಬೂರಿಯಲ್ಲಿ ಪಂಚಮ, ಸಾರಣಿ, ಅನುಸಾರಣಿಗಳ ಬಳಿಕ ಬರುವ ನಾಲ್ಕನೆಯ ತಂತಿ ಮಂದ್ರ. ಅದು ಸರಿಯಾಗಿ ನಿಲ್ಲದಿದ್ದರೆ ಗಾಯಕನಿಗೆ ನೆಲವೇ ಸಿಗದು.

ಕರಣೆಯ ಮಹತ್ವವನ್ನು ವಿಜ್ಞಾನದ ಮಾತಿನಲ್ಲಿ ಬಿಡಿಸಿ ಹೇಳಿದವರು ಸರ್ ಸಿ. ವಿ. ರಾಮನ್. ೧೯೨೦ರಲ್ಲಿ ಅವರು ಸಹೋದ್ಯೋಗಿಯೊಬ್ಬರೊಡನೆ ‘ನೇಚರ್’ ಪತ್ರಿಕೆಯಲ್ಲಿ ಈ ಬಗ್ಗೆ ಒಂದು ಚಿಕ್ಕ ಲೇಖನ ಬರೆದರು. ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ, ೧೯೩೪ರಲ್ಲಿ, ತಾವೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ನಡವಳಿಗಳಲ್ಲಿ ವಿಸ್ತಾರವಾದ ಪ್ರಬಂಧವನ್ನೇ ಪ್ರಕಟಿಸಿದರು. ಅವರು ಕಂಡ ಸಂಗತಿ ಇದು: ಬರಿಯ ಚರ್ಮವನ್ನು ಬಿಗಿದು ಬಡಿದರೆ ಮೂಲನಾದದೊಂದಿಗೆ ಹುಟ್ಟುವ ಉಪನಾದಗಳು ಒಂದಕ್ಕೊಂದು ಹೊಂದುವುದಿಲ್ಲ. ಮೊದಲ ಉಪನಾದವು ಮೂಲದ ಎರಡರಷ್ಟಿರುವ ಬದಲು ಸುಮಾರು ೧.೫೯ರಷ್ಟಿರುತ್ತದೆ, ಕಿವಿಗೆ ಅದು ಬರಿಯ ಸದ್ದು. ನಡುವೆ ಕರಣೆಯ ಭಾರವನ್ನು ಹದವರಿತು ಏರಿಸಿದಾಗ, ಚರ್ಮದ ಒಂಬತ್ತು ಬಗೆಯ ಕಂಪನಗಳು ಐದು ಹೊಂದಿಕೆಯುಳ್ಳ ನಾದಗಳಾಗಿ ಕೂಡಿಕೊಳ್ಳುತ್ತವೆ. ಆದಕಾರಣ ಮೃದಂಗವನ್ನು ಶ್ರುತಿಗೆ ಸೇರಿಸಲು ಸಾಧ್ಯ. ನದಿಯ ದಂಡೆಯ ಮಣ್ಣನ್ನು ಮೆತ್ತಿ ವಾದ್ಯಗಳಿಗೆ ಶ್ರುತಿ ಕೂಡಿಸುವ ಕ್ರಮವನ್ನು ನಾಟ್ಯಶಾಸ್ತ್ರವೇ ಹೇಳಿರುವುದರಿಂದ, ಈ ತಿಳಿವು ಎಷ್ಟು ಹಳೆಯದೆಂದು ಊಹಿಸಿಕೊಳ್ಳಬಹುದು. ಅದನ್ನು ಮೊದಲು ಕಂಡುಕೊಂಡವರು ಚರ್ಮ ಹದಮಾಡುವ, ವಾದ್ಯ ಕಟ್ಟುವ ಕೈಗಳವರು. ಚರ್ಮ ಮುಟ್ಟಿದವರೆಂದು ಊರು ಅವರನ್ನು ಹೊರಗಿಟ್ಟಿತು. ವಾದ್ಯವನ್ನು ಮಾತ್ರ ದೇವಸ್ಥಾನದೊಳಕ್ಕೆ ಬಿಟ್ಟುಕೊಂಡಿತು. ಗಾಯಕ ಟಿ. ಎಂ. ಕೃಷ್ಣ ಅವರು ೨೦೨೦ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಇಂಗ್ಲಿಷ್ ಪುಸ್ತಕದಲ್ಲಿ ಮೃದಂಗ ತಯಾರಿಸುವ ಮನೆತನಗಳ ಚರಿತ್ರೆಯನ್ನು ಬರೆದರು. ನುಡಿಸುವವನ ಹೆಸರೇ ಕೊನೆಯಲ್ಲಿ ಬರುವಾಗ, ವಾದ್ಯವನ್ನು ಕಟ್ಟಿದವನ ಹೆಸರನ್ನು ಕೇಳಿದವರಾರು?

ಪಶ್ಚಿಮದಲ್ಲಿಯೂ ಇದೇ ಕಥೆ ನಡೆದಿದೆಯೆಂದು ಹುಡುಗನ ಗೋಡೆಯ ಪಟ್ಟಿಯಿಂದ ತಿಳಿದೆ. ಕಾಲಿನಿಂದ ದೊಡ್ಡ ಡ್ರಮ್ಮನ್ನು ಬಡಿಯುವ ಪೆಡಲ್ ೧೯೦೯ರಲ್ಲಿ ಅಮೆರಿಕದ ಲುಡ್ವಿಗ್ ಅವರಿಂದ ರೂಢಿಗೆ ಬಂದ ಮೇಲೆ, ಇಬ್ಬರು ಮೂವರು ಮಾಡುತ್ತಿದ್ದ ಕೆಲಸವನ್ನು ಒಬ್ಬನೇ ಕುಳಿತು ಮಾಡುವಂತಾಯಿತು. ೧೯೫೧ರಲ್ಲಿ ಲಿಯೊ ಫೆಂಡರ್ ಮಾರುಕಟ್ಟೆಗೆ ತಂದ ವಿದ್ಯುತ್ ಬೇಸ್ ಗಿಟಾರ್, ಆಳೆತ್ತರದ ಮರದ ಬೇಸ್ ವಾದ್ಯವನ್ನು ಹೆಗಲಿಗೆ ನೇತುಹಾಕುವಷ್ಟು ಹಗುರ ಮಾಡಿತು. ಈ ಎರಡೂ ಸೇರಿ ರಾಕ್ ಸಂಗೀತದ ಅಡಿಪಾಯವಾದವು.

ಪಟ್ಟಿಯ ಮೊದಲ ಹೆಸರು ಜೇಮ್ಸ್ ಜೇಮರ್ಸನ್. ೧೯೩೬ರಲ್ಲಿ ಹುಟ್ಟಿ ೧೯೮೩ರಲ್ಲಿ ತೀರಿಕೊಂಡ ಈ ಬೇಸ್ ವಾದಕ, ಡೆಟ್ರಾಯಿಟ್ ನಗರದ ಮೋಟೌನ್ ಎಂಬ ರೆಕಾರ್ಡ್ ಸಂಸ್ಥೆಯ ಹಾಡುಗಳಿಗೆ ಮಂದ್ರ ನುಡಿಸುತ್ತಿದ್ದ. ಬಲಗೈಯ ಒಂದೇ ತೋರುಬೆರಳಿನಿಂದ ತಂತಿ ಮೀಟುತ್ತಿದ್ದನಂತೆ. ಜಗತ್ತೆಲ್ಲ ಆ ಹಾಡುಗಳಿಗೆ ಕುಣಿಯಿತು. ಗಾಯಕರ ಚಿತ್ರಗಳು ಮನೆಮನೆಯಲ್ಲಿ ತೂಗಿದವು. ಈತನ ಹೆಸರು ಮಾತ್ರ ವರ್ಷಗಟ್ಟಲೆ ರೆಕಾರ್ಡಿನ ಹೊದಿಕೆಯ ಮೇಲೆ ಅಚ್ಚಾಗಲಿಲ್ಲ. ೧೯೭೧ರಲ್ಲಿ ಮಾರ್ವಿನ್ ಗೇ ಎಂಬ ಗಾಯಕನ ರೆಕಾರ್ಡೊಂದರ ಮೇಲೆ ಆ ಹೆಸರು ಕಾಣಿಸಿಕೊಂಡುದನ್ನು ಅಲ್ಲಿಯ ಸಂಗೀತಪ್ರಿಯರು ಇಂದಿಗೂ ದೊಡ್ಡ ಸಂಗತಿಯೆಂದು ನೆನೆಯುತ್ತಾರೆ. ಪಟ್ಟಿಯ ಎರಡನೆಯವನು ಲೆಡ್ ಜೆಪೆಲಿನ್ ತಂಡದ ಡ್ರಮ್ ವಾದಕ ಜಾನ್ ಬಾನಮ್. ೧೯೮೦ರಲ್ಲಿ ಈತ ತೀರಿಕೊಂಡಾಗ, ಉಳಿದ ಮೂವರು ಬೇರೊಬ್ಬನನ್ನು ಕೂಡಿಸಿಕೊಳ್ಳದೆ ತಂಡವನ್ನೇ ವಿಸರ್ಜಿಸಿದರು. ಹಿಂದೆ ಕುಳಿತವನ ಬೆಲೆಯನ್ನು ಅವರು ಬಲ್ಲವರಾಗಿದ್ದರು.

ಇವೆಲ್ಲ ದೂರದ ಮಾತಾಯಿತು. ನಮ್ಮ ನಾಡಿನಲ್ಲಿ ನಾನು ಹುಡುಗನಿಗೆ ಹೇಳಬಹುದಾಗಿದ್ದ ಹೆಸರುಗಳು ಯಾವುವು?

ಮೊದಲು ನೆನಪಿಗೆ ಬಂದವರು ಹಿರಿಯಡ್ಕ ಗೋಪಾಲ ರಾಯರು. ೧೯೧೯ರಲ್ಲಿ ಹುಟ್ಟಿ ೨೦೨೦ರಲ್ಲಿ ಕಾಲವಾದ ಇವರು ಬಡಗುತಿಟ್ಟಿನ ಯಕ್ಷಗಾನದಲ್ಲಿ ಮದ್ದಳೆಯ ಮಾತೆತ್ತಿದಾಗಲೆಲ್ಲ ಬರುವ ಹೆಸರು. ಭಾಗವತರ ಶ್ರುತಿ ರಾತ್ರಿ ಮುಂದುವರಿದಂತೆ ಏರುವುದುಂಟು. ಅದಕ್ಕೆ ಹೊಂದುವಂತೆ ಬೇರೆ ಬೇರೆ ಶ್ರುತಿಯ ಮದ್ದಳೆಗಳನ್ನು ಬಳಸುವ ‘ಏರು ಮದ್ದಳೆ’ಯ ಕ್ರಮಕ್ಕೆ ಇವರು ಹೆಸರಾದರು. ಶಿವರಾಮ ಕಾರಂತರ ಪ್ರಯೋಗಗಳಲ್ಲಿ ಭಾಗವಹಿಸಿದರು. ಅಮೆರಿಕದಿಂದ ಬಂದ ಮಾರ್ತಾ ಆಷ್ಟನ್ ಎಂಬ ವಿದುಷಿಗೆ ಯಕ್ಷಗಾನವನ್ನು ಕಲಿಸಿದರು. ವೇಷಧಾರಿ ರಂಗಕ್ಕೆ ಬಂದು ಹೋಗುತ್ತಾನೆ. ಮದ್ದಳೆಗಾರ ಬೆಳಗಿನವರೆಗೂ ರಂಗದಲ್ಲಿಯೇ ಕುಳಿತಿರುತ್ತಾನೆ.

ಎರಡನೆಯದು ಬೆಂಗಳೂರಿನ ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿ ಅವರ ಹೆಸರು. ೧೯೬೪ರಲ್ಲಿ ಇವರು ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ತಾಳವಾದ್ಯಗಳಿಗೇ ಮೀಸಲಾದ ಶಾಲೆ. ಮೃದಂಗ, ಘಟ, ಖಂಜರಿ, ಮೋರ್ಸಿಂಗ್, ಕೊನ್ನಕ್ಕೋಲು ಇವು ಪಕ್ಕದಲ್ಲಿ ಕುಳಿತೇ ಇರಬೇಕಾದವಲ್ಲ, ಅವೇ ಒಂದು ಕಛೇರಿ ನಡೆಸಬಲ್ಲವು ಎಂದು ಅವರು ತೋರಿಸಿಕೊಟ್ಟರು. ೧೯೮೩ರಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ಈ ಕಾಲೇಜಿನ ತಂಡವು ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಮಾಡಿತು. ಗಾಯನ ಮಣಿಯವರ ಪತ್ನಿ ಆರ್. ಎ. ರಮಾಮಣಿ ಅವರದು. ಅದರಲ್ಲಿ ಡ್ರಮ್ ಸೆಟ್ಟೂ ಇಲ್ಲ, ಬೇಸ್ ಗಿಟಾರೂ ಇಲ್ಲ. ಆ ಎರಡೂ ಕೆಲಸಗಳನ್ನು ಮೃದಂಗ, ಘಟ, ಖಂಜರಿ, ತಂಬೂರಿಗಳೇ ಮಾಡಿವೆ. ರಾಕ್ ಸಂಗೀತಕ್ಕೂ ಈ ಶಾಲೆಗೂ ನಂಟುಂಟು. ೧೯೭೦ರ ದಶಕದಲ್ಲಿ ‘ಹ್ಯೂಮನ್ ಬಾಂಡೇಜ್’ ಎಂಬ ರಾಕ್ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ ಮದರಾಸಿನ ರಮೇಶ್ ಶೋತಮ್ ಅವರು ಇಲ್ಲಿಗೆ ಬಂದು ನಮ್ಮ ತಾಳವಾದ್ಯಗಳನ್ನು ಕಲಿತು, ಮುಂದೆ ಜರ್ಮನಿಯಲ್ಲಿ ನೆಲೆಸಿ ಹೆಸರುಮಾಡಿದರು.

ಮೂರನೆಯವರು ಘಟ ವಿದುಷಿ ಸುಕನ್ಯಾ ರಾಮಗೋಪಾಲ್. ತಮಿಳುನಾಡಿನಲ್ಲಿ ಹುಟ್ಟಿ ಬೆಂಗಳೂರನ್ನು ತಮ್ಮ ಊರಾಗಿ ಮಾಡಿಕೊಂಡ ಇವರು, ಹರಿಹರ ಶರ್ಮ ಮತ್ತು ಅವರ ಮಗ ವಿಕ್ಕು ವಿನಾಯಕರಾಮ್ ಅವರ ಶಿಷ್ಯೆ. ಈ ವಿನಾಯಕರಾಮ್ ಅವರೇ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಡ್ರಮ್ ವಾದಕ ಮಿಕಿ ಹಾರ್ಟ್ ೧೯೯೧ರಲ್ಲಿ ಹೊರತಂದ ‘ಪ್ಲಾನೆಟ್ ಡ್ರಮ್’ ಮುದ್ರಿಕೆಯಲ್ಲಿ ಘಟ ನುಡಿಸಿದವರು. ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂದಿತು. ಹೆಂಗಸು ಘಟ ಬಾರಿಸುವುದುಂಟೆ ಎಂಬ ಮಾತನ್ನು ಸುಕನ್ಯಾ ಅವರು ಕೇಳಬೇಕಾಗಿ ಬಂದಿತು. ಅವರ ಪಕ್ಕದಲ್ಲಿ ಕುಳಿತು ನುಡಿಸಲು ಒಪ್ಪದವರೂ ಇದ್ದರು. ಪಕ್ಕವಾದ್ಯದವರಲ್ಲಿಯೂ ಪಕ್ಕಕ್ಕೆ ಸರಿಸಲ್ಪಟ್ಟವರೆಂದರೆ ಹೆಂಗಸರೇ. ಅವರು ಬೇರೆ ಬೇರೆ ಶ್ರುತಿಯ ಘಟಗಳನ್ನು ಸಾಲಾಗಿಟ್ಟು ಘಟತರಂಗವನ್ನು ನುಡಿಸಿದರು; ೧೯೯೫ರಲ್ಲಿ ‘ಸ್ತ್ರೀ ತಾಳ ತರಂಗ’ ಎಂಬ ಮಹಿಳೆಯರ ತಂಡವನ್ನೇ ಕಟ್ಟಿದರು.

ಇಲ್ಲಿ ಬಾನುಲಿಯ ಉಪಕಾರವನ್ನು ನೆನೆಯುವುದು ಧರ್ಮ. ೧೯೩೫ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲಿಯೇ ಪ್ರಸಾರವನ್ನು ಆರಂಭಿಸಿದರು. ೧೯೫೦ರಲ್ಲಿ ಧಾರವಾಡ, ೧೯೫೫ರಲ್ಲಿ ಬೆಂಗಳೂರು, ೧೯೬೫ರಲ್ಲಿ ಭದ್ರಾವತಿ ನಿಲಯಗಳು ಬಂದವು. ನಮ್ಮ ದಾವಣಗೆರೆಯ ಮನೆಗಳಿಗೆ ಭದ್ರಾವತಿಯೇ ಹತ್ತಿರದ ಧ್ವನಿಯಾಯಿತು. ಶಾಸ್ತ್ರೀಯ ಸಂಗೀತದ ಕಛೇರಿ ಮುಗಿದ ಮೇಲೆ ಪಿಟೀಲು ಯಾರದು, ಮೃದಂಗ ಯಾರದು, ತಬಲ ಯಾರದು ಎಂದು ತಪ್ಪದೆ ಹೇಳುವ ಪದ್ಧತಿಯನ್ನು ಬಾನುಲಿ ಪಾಲಿಸಿಕೊಂಡು ಬಂದಿತು. ಹಾಡಿದವನ ಹೆಸರಿನೊಂದಿಗೆ ಬಾರಿಸಿದವನ ಹೆಸರೂ ಅದೇ ಗಂಟಲಿನಿಂದ, ಅದೇ ಗೌರವದಿಂದ ನಾಡಿಗೆಲ್ಲ ಕೇಳಿಸಿತು. ಕಿವಿಗೊಡದೆ ಗುಂಡಿ ತಿರುಗಿಸಿದ ತಪ್ಪು ನನ್ನಂಥ ಶ್ರೋತೃಗಳದು. ಆದರೂ ಒಂದು ಮಾತನ್ನು ಸಂಕೋಚದಿಂದ ಹೇಳಬೇಕಾಗಿದೆ. ಜನಪದ ಗೀತೆಗಳ ಸರದಿ ಬಂದಾಗ ನಾವು ಬಾನುಲಿಯಲ್ಲಿ ಕೇಳುವುದೂ ‘ಮತ್ತು ಸಂಗಡಿಗರು’ ಎಂಬುದನ್ನೇ. ವೇದಿಕೆಯ ಮೃದಂಗಕ್ಕೆ ಹೆಸರು ದೊರೆತಿದೆ. ಬಯಲಿನ ಡೊಳ್ಳಿಗೆ ಇನ್ನೂ ದೊರೆತಿಲ್ಲ.

ನಮ್ಮ ಭಾಗದಲ್ಲಿ ಡೊಳ್ಳಿಗೇನೂ ಬಡತನವಿಲ್ಲ. ಡೊಳ್ಳಾಸುರನ ಹೊಟ್ಟೆಯನ್ನು ಬಗೆದು ಹೊರಬಂದ ಶಿವನು ಅವನ ಚರ್ಮದಿಂದಲೇ ಮೊದಲ ಡೊಳ್ಳನ್ನು ಮಾಡಿದನೆಂದು ಹಾಲುಮತದವರು ಕಥೆ ಹೇಳುತ್ತಾರೆ. ಬೀರೇಶ್ವರನ ಸೇವೆಯಾಗಿ ಅದು ತಲೆಮಾರುಗಳಿಂದ ನಡೆದುಬಂದಿದೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಯ ಅಂಗೈ. ಕೋಲಿನ ಪೆಟ್ಟು ಸಿಡಿಯುತ್ತದೆ, ಅಂಗೈಯ ಪೆಟ್ಟು ಗುಡುಗುತ್ತದೆ. ಹುಡುಗ ಮತ್ತು ಅವನ ಗೆಳೆಯ ಇಬ್ಬರೂ ಸೇರಿ ಮಾಡುವ ಕೆಲಸವನ್ನು ಒಬ್ಬ ಡೊಳ್ಳಿನವನು ಸೊಂಟಕ್ಕೆ ವಾದ್ಯ ಕಟ್ಟಿಕೊಂಡು, ಕುಣಿಯುತ್ತಲೇ ಮಾಡುತ್ತಾನೆ. ನಂದಿಕೋಲಿನ ಮುಂದೆ ಸಮಾಳ ನಡೆಯುತ್ತದೆ. ಉರುಮೆಯವನು ಚರ್ಮವನ್ನು ಕೋಲಿನಿಂದ ಉಜ್ಜಿ ಎಳೆಯುವ ಮಂದ್ರ, ಎದೆಯೊಳಗೆ ಯಾರೋ ನರಳಿದಂತೆ ಕೇಳಿಸುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ನಮ್ಮ ನಗರದೇವತೆ ದುರ್ಗಾಂಬಿಕೆಯ ಜಾತ್ರೆಯಲ್ಲಿ ನಿಂತು ಕೇಳಿದವರಿಗೆ ಚರ್ಮವಾದ್ಯದ ಬಲವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗೀಗ ಮೆರವಣಿಗೆಗಳಲ್ಲಿ ಡಿ.ಜೆ. ಎಂಬ ಧ್ವನಿವರ್ಧಕಗಳ ಗಾಡಿ ಮುಂದೆ ನಿಲ್ಲುತ್ತದೆ. ಡೊಳ್ಳಿನವರು ಅದರ ಹಿಂದೆ, ತಮ್ಮ ಸದ್ದು ತಮಗೇ ಕೇಳಿಸದಂತೆ ಬಾರಿಸುತ್ತಾರೆ. ಅವರಲ್ಲಿ ಯಾರು ಯಾರಿಂದ ಕಲಿತರು, ಯಾವ ಊರಿನ ಯಾವ ಪೆಟ್ಟು ಯಾರದು ಎಂಬುದನ್ನು ಬರೆದಿಟ್ಟುಕೊಳ್ಳದಿದ್ದರೆ, ಹರಿಹರದ ಕಾಲದಲ್ಲಿ ಆದ ತಪ್ಪೇ ಎಂಟುನೂರು ವರ್ಷಗಳ ಬಳಿಕ, ಮುದ್ರಣಾಲಯಗಳಿದ್ದೂ, ಮತ್ತೆ ಆದಂತಾಗುತ್ತದೆ.

ಈ ವರ್ಷದ ವಾರ್ಷಿಕೋತ್ಸವಕ್ಕೂ ಅದೇ ತಂಡ ಬಂದಿತು. ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ನಾನೇ ಅವರಿದ್ದಲ್ಲಿಗೆ ಹೋಗಿ, ನೋಟುಪುಸ್ತಕ ತೆರೆದು ಕುಳಿತೆ. ಒಟ್ಟು ಹದಿನಾಲ್ಕು ಹೆಸರು. ಒಬ್ಬನಂತೂ ತನ್ನ ಅಡ್ಡಹೆಸರನ್ನು ಮಾತ್ರ ಹೇಳಿ, ನಿಜವಾದ ಹೆಸರಿಗಾಗಿ ಕಿಸೆಯಿಂದ ಗುರುತಿನ ಚೀಟಿ ತೆಗೆದು ತೋರಿಸಿದ. ಕೊನೆಯಲ್ಲಿ ಆ ಹಿರಿಯನ ಸರದಿ ಬಂತು. ತನ್ನ ಹೆಸರನ್ನು ಹೇಳಿ, ನಾನು ಬರೆಯುವುದನ್ನೇ ನೋಡುತ್ತಿದ್ದು, “ನಮ್ಮಪ್ಪನ ಹೆಸರೂ ಸೇರಿಸ್ರಿ ಮೇಷ್ಟ್ರೇ. ಕೈ ನಂದು, ಪೆಟ್ಟು ಅವನ್ದು” ಎಂದ.

ಸೇರಿಸಿದೆ. ಅಧ್ಯಕ್ಷರ ಬಿರುದುಗಳಲ್ಲಿ ಎರಡನ್ನು ಕಡಿಮೆ ಮಾಡಬೇಕಾಯಿತು. ಅವರು ಗಮನಿಸಿದಂತೆ ಕಾಣಲಿಲ್ಲ. ಪತ್ರಿಕೆಯ ಒಂದು ಪ್ರತಿಯನ್ನು ಆ ಹುಡುಗನಿಗೂ ಕೊಟ್ಟೆ. ಅವನು ಕೇಳಿದ್ದ ಪ್ರಶ್ನೆಗೆ ನನ್ನ ಉತ್ತರ ಅದರಲ್ಲಿತ್ತು. ಈಗ ಅದು ಅವನ ಗೋಡೆಯ ಮೇಲೆ, ಆ ಪರದೇಶದ ಹೆಸರುಗಳ ಪಕ್ಕದಲ್ಲಿಯೇ ಅಂಟಿಕೊಂಡಿದೆ. ಸಂಜೆಯ ಡ್ರಮ್ಮಿನ ಸದ್ದೇನೂ ಕಡಿಮೆಯಾಗಿಲ್ಲ. ಆದರೆ ಬೀದಿಯವರ ದೂರನ್ನು ತಲುಪಿಸುವ ಕೆಲಸವನ್ನು ನಾನು ಬಿಟ್ಟುಬಿಟ್ಟಿದ್ದೇನೆ.